ಲಕ್ಷ ಕಿಲೋಮೀಟರ್ ದಾಟಿದ ಕಾರು ತಗೊಳ್ಳಬಹುದಾ?

ಮೊನ್ನೆ ಭಾನುವಾರ ಹಾಸನದಿಂದ ಬಾಮೈದ ಫೋನ್ ಮಾಡಿದ. "ಭಾವ, ಒಂದು ಸ್ವಿಫ್ಟ್ ಡೀಸೆಲ್ ನೋಡಿದೀನಿ. 2018ರ ಮಾಡೆಲ್, ಸಿಂಗಲ್ ಓನರ್. ಗಾಡಿ ನೀಟಾಗಿದೆ. ಆದ್ರೆ 1,20,000 ಓಡಿಬಿಟ್ಟಿದೆ. ಬೆಂಗಳೂರಲ್ಲಿ ಇನ್ನೊಂದಿದೆ. ಅದೂ 2018ರದ್ದೇ, ಓಡಿರೋದು ಬರೀ 48,000. ಬೆಲೆ 90 ಸಾವಿರ ಜಾಸ್ತಿ. ಯಾವುದು ತಗೊಳ್ಳಲಿ?"

ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದರೆ ಹಳೆಯದರ ಬೆಲೆಯೂ ಜಗ್ಗಲೇಬೇಕಲ್ವಾ? ಅದರಲ್ಲೂ ಜಾಸ್ತಿ ಓಡಿದ ಗಾಡಿಗೆ ಚೌಕಾಸಿ ಮಾಡಲು ಜಾಗ ಹೆಚ್ಚು. ಆದರೆ ಮೀಟರ್‌ನಲ್ಲಿ ಆರಂಕಿ ನೋಡಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ಆ ಹೆದರಿಕೆಯಲ್ಲಿ ಎಷ್ಟು ನಿಜ, ಎಷ್ಟು ಸುಮ್ನೆ ಎಂದು ಬಿಡಿಸಿ ನೋಡೋಣ.

ಮೊದಲು ಒಂದು ಪದದ ಗೊಂದಲ

ನಮ್ಮಲ್ಲಿ 'ಮೈಲೇಜ್' ಅಂದರೆ ಲೀಟರ್‌ಗೆ ಎಷ್ಟು ಕೊಡುತ್ತದೆ ಅಂತ. ಅಮೆರಿಕದವರು ಬರೆದ ಸಲಹೆ ಓದಿದರೆ ಅಲ್ಲಿ ಮೈಲೇಜ್ ಅಂದರೆ ಗಾಡಿ ಒಟ್ಟು ಎಷ್ಟು ದೂರ ಓಡಿದೆ ಅಂತ. 'ಹೈ ಮೈಲೇಜ್ ಕಾರು ಹುಷಾರು' ಎಂಬ ಸಾಲು ಓದಿ, ಜಾಸ್ತಿ ಮೈಲೇಜ್ ಕೊಟ್ಟರೆ ಒಳ್ಳೇದಲ್ವಾ ಎಂದು ತಲೆ ಕೆರೆದುಕೊಂಡವರನ್ನು ನಾನು ಕಂಡಿದ್ದೇನೆ. ಈ ಲೇಖನದಲ್ಲಿ ನಾನು 'ಓಟ' ಎಂದೇ ಬರೆಯುತ್ತೇನೆ. ಅದನ್ನು ಎಣಿಸುವ ಮೀಟರ್‌ನ ಹೆಸರು ಓಡೋಮೀಟರ್.

ಎಷ್ಟು ಓಟ ಜಾಸ್ತಿ? ಸ್ವಂತಕ್ಕೆ ಇಟ್ಟುಕೊಂಡ ಕಾರು ವರ್ಷಕ್ಕೆ 10ರಿಂದ 15 ಸಾವಿರ ಕಿಲೋಮೀಟರ್ ಓಡುತ್ತದೆ ಎಂದು ವ್ಯಾಪಾರದವರು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಏಳು ವರ್ಷದ ಗಾಡಿ 70 ಸಾವಿರದಿಂದ ಒಂದು ಲಕ್ಷ ಚಿಲ್ಲರೆ ಓಡಿರಬೇಕು. 1,20,000 ಸ್ವಲ್ಪ ಜಾಸ್ತಿ, ಆದರೆ ಗಾಬರಿ ಬೀಳುವಷ್ಟಲ್ಲ. 48,000 ಕಡಿಮೆ. ತೀರಾ ಕಡಿಮೆ ಎನ್ನುವುದೂ ಒಂದು ಪ್ರಶ್ನೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಟ್ರ್ಯಾಕ್ಟರ್‌ನವರ ಲೆಕ್ಕ

ಹಳೇ ಟ್ರ್ಯಾಕ್ಟರ್ ಕೊಳ್ಳುವ ರೈತ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುವುದಿಲ್ಲ. "ಎಷ್ಟು ಗಂಟೆ ಆಗಿದೆ?" ಎನ್ನುತ್ತಾನೆ. ಟ್ರ್ಯಾಕ್ಟರ್‌ನಲ್ಲಿ, ಜೆಸಿಬಿಯಲ್ಲಿ ಗಂಟೆ ತೋರಿಸುವ ಮೀಟರೇ ಇರುತ್ತದೆ. ಕಾರಣ ಸರಳ. ಎಂಜಿನ್ ಸವೆಯುವುದು ತಿರುಗಿದ್ದಕ್ಕೆ. ಗಾಡಿ ಮುಂದೆ ಹೋಯಿತೋ ನಿಂತಲ್ಲೇ ನಿಂತಿತ್ತೋ ಅದಕ್ಕೆ ಗೊತ್ತಾಗುವುದಿಲ್ಲ.

ಕಾರಿಗೂ ಇದೇ ಲೆಕ್ಕ ಹಾಕಿ ನೋಡಿ. ಹಾಸನದ ಗಾಡಿಯ ಓನರ್ ಬೆಂಗಳೂರಲ್ಲಿ ಕೆಲಸದಲ್ಲಿದ್ದವರು, ವಾರಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದರಂತೆ. ಹೋಗಿ ಬರಲು ಸುಮಾರು 370 ಕಿಲೋಮೀಟರ್. ವರ್ಷಕ್ಕೆ 50 ವಾರ ಹಿಡಿದರೆ 18,500. ಆರೂವರೆ ವರ್ಷಕ್ಕೆ 1,20,000 ಸರಿಯಾಗಿ ಕೂಡುತ್ತದೆ. ಹೈವೇಯಲ್ಲಿ ಗಂಟೆಗೆ ಸರಾಸರಿ 60 ಹಿಡಿದರೆ ಆ ಎಂಜಿನ್ ತಿರುಗಿರುವುದು 2,000 ಗಂಟೆ.

ಬೆಂಗಳೂರಿನ ಗಾಡಿ 48,000 ಓಡಿದೆ. ಸಿಟಿ ಟ್ರಾಫಿಕ್‌ನಲ್ಲಿ ಸರಾಸರಿ 16 ಹಿಡಿಯಿರಿ. ಅಲ್ಲಿಗೆ 3,000 ಗಂಟೆ! ಅರ್ಧಕ್ಕಿಂತ ಕಡಿಮೆ ಓಟ, ಒಂದೂವರೆ ಪಟ್ಟು ದುಡಿಮೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತ ಹೊತ್ತು ಓಡೋಮೀಟರ್‌ನ ಪಾಲಿಗೆ ಸೊನ್ನೆ.

ಗಂಟೆ ಒಂದೇ ಅಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ಎಲ್ಲ ಕಡೆಗೂ ತಲುಪಿರುವುದಿಲ್ಲ. ಸವೆತ ಹೆಚ್ಚಾಗುವುದು ಆಗಲೇ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಮೂರು ಕಿಲೋಮೀಟರ್‌ಗೆ ಆಫ್ ಮಾಡಿ, ಸಂಜೆ ಮತ್ತೆ ಅಷ್ಟೇ ಓಡಿಸುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಹೈವೇ ಗಾಡಿಯಲ್ಲಿ ಕ್ಲಚ್ ತುಳಿತ, ಬ್ರೇಕ್ ತುಳಿತ, ಗೇರ್ ಬದಲಾವಣೆ ಎಲ್ಲವೂ ಕಡಿಮೆ.

ಹಾಗಂತ ಹೈವೇ ಗಾಡಿ ಅಂದ ಕೂಡಲೇ ಕಣ್ಣು ಮುಚ್ಚಿ ಒಪ್ಪಬೇಡಿ. ಮಾರುವವರಿಗೂ ಈ ವಿಷಯ ಗೊತ್ತು. "ಎಲ್ಲಾ ಹೈವೇ ರನ್ನಿಂಗ್ ಸಾರ್, ಡಾಕ್ಟರ್ ಓಡಿಸ್ತಿದ್ದ ಗಾಡಿ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ, ರಾಜ್ಯದ ಡಾಕ್ಟರ್‌ಗಳೆಲ್ಲ ಆಸ್ಪತ್ರೆ ಬಿಟ್ಟು ಹೈವೇಯಲ್ಲೇ ಇರಬೇಕು. ಮೇಲೆ ಮಾಡಿದ ಹಾಗೆ ಊರು, ದೂರ, ವಾರ ಕೇಳಿ ಗುಣಾಕಾರ ಮಾಡಿ. ಕೂಡಿದರೆ ಸರಿ.

ಎಲ್ಲಿ ಓಡಿತು ಅನ್ನೋದೂ ಮುಖ್ಯ

ಒಂದೇ ರಾಜ್ಯದಲ್ಲಿ ಗಾಡಿಗೆ ಬೇರೆ ಬೇರೆ ಕಾಯಿಲೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿ ಮತ್ತು ಉದ್ದನೆಯ ಮಳೆಗಾಲ ಸೇರಿ ತಗಡಿಗೆ ತುಕ್ಕು. ಮೇಲಿನ ಪೇಂಟ್ ಥಳಥಳ ಅನ್ನುತ್ತಿದ್ದರೂ ಅಡಿಭಾಗ ನೋಡಲೇಬೇಕು. ಮಲೆನಾಡಿನ ಘಾಟಿ ಹತ್ತಿಳಿದ ಗಾಡಿಯಲ್ಲಿ ಕ್ಲಚ್, ಬ್ರೇಕ್ ಬೇಗ ಸವೆದಿರುತ್ತವೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಎಸಿ, ರೇಡಿಯೇಟರ್, ರಬ್ಬರ್ ಪೈಪು, ಡ್ಯಾಶ್‌ಬೋರ್ಡ್ ಬಳಲುತ್ತವೆ.

ಇನ್ನೊಂದು ಕಾಯಿಲೆ ನೆರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಎಷ್ಟೋ ಕಾರುಗಳು ನೀರಲ್ಲಿ ಮುಳುಗಿದ್ದು ನೆನಪಿರಬಹುದು. ಮುಳುಗಿದ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ವೈರಿಂಗ್ ಒಳಗೆ ತುಕ್ಕು ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ಅಲ್ಲಿಗೇ ನಮಸ್ಕಾರ ಹೇಳಿ. ಸೀಟಿನ ಕೆಳಗಿನ ಕಂಬಿಯ ತುಕ್ಕು, ಕಾರ್ಪೆಟ್ ಅಡಿಯ ಮುಗ್ಗಲು ವಾಸನೆಯೂ ಅದನ್ನೇ ಹೇಳುತ್ತವೆ.

ಏನೇನು ಸವೆಯುತ್ತದೆ?

ಹಳೇ ಮನೆ ಕೊಳ್ಳುವಾಗ ನಲ್ಲಿ, ಬಾಗಿಲು, ಬಣ್ಣ ಹಾಳಾಗಿದ್ದರೆ ಬದಲಿಸುತ್ತೇವೆ, ಅಷ್ಟು ದುಡ್ಡು ಕಡಿಮೆ ಕೊಡುತ್ತೇವೆ. ಪಾಯವೇ ಕುಸಿದಿದ್ದರೆ ಆ ಮನೆ ಬಿಡುತ್ತೇವೆ. ಕಾರಿನಲ್ಲೂ ಹೀಗೇ ಎರಡು ಬಗೆ ಇದೆ.

ನಲ್ಲಿ, ಬಾಗಿಲಿನ ಸಾಲಿಗೆ ಸೇರುವುದು ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್, ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್‌ನ ಬುಷ್‌ಗಳು. ಟೈರ್ ಸಾಮಾನ್ಯವಾಗಿ 40ರಿಂದ 50 ಸಾವಿರ ಕಿಲೋಮೀಟರ್ ಬಾಳುತ್ತದೆ. ಬ್ಯಾಟರಿ ಮೂರರಿಂದ ಐದು ವರ್ಷ. ಕ್ಲಚ್ ಓಡಿಸುವವರ ಎಡಗಾಲಿನ ಮೇಲೆ ನಿಂತಿದೆ. ಕೆಲವರು 50 ಸಾವಿರಕ್ಕೇ ಸುಟ್ಟು ಹಾಕುತ್ತಾರೆ, ಕೆಲವರ ಕೈಯಲ್ಲಿ ಲಕ್ಷ ದಾಟುತ್ತದೆ. ಒಂದು ಲಕ್ಷದ ಆಸುಪಾಸಿಗೆ ಇವೆಲ್ಲ ಒಟ್ಟಿಗೆ ಬಾಕಿ ಬೀಳುತ್ತವೆ. ಆರಂಕಿ ಗಾಡಿಗೆ ಜನ ಹೆದರುವುದಕ್ಕೆ ಅಸಲಿ ಕಾರಣ ಇದು. ಎಷ್ಟೋ ಓನರ್‌ಗಳು ಈ ಖರ್ಚು ತಲೆ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಮಾರುತ್ತಾರೆ. ಅದಕ್ಕೇ ಕೇಳಬೇಕಾದ ಪ್ರಶ್ನೆ: "ಏನೇನು ಬದಲಿಸಿದ್ದೀರಿ? ಬಿಲ್ ಇದೆಯಾ?" ಹೊಸ ಕ್ಲಚ್, ಹೊಸ ಟೈರ್ ಬಿದ್ದ 1,20,000ದ ಗಾಡಿ, ಏನೂ ಬದಲಿಸದ 90,000ದ ಗಾಡಿಗಿಂತ ಮುಂದಿನ ಎರಡು ವರ್ಷ ಕಡಿಮೆ ಖರ್ಚು ತರಬಹುದು.

ಪಾಯದ ಸಾಲಿಗೆ ಬರುವುದು ಎಂಜಿನ್, ಗೇರ್‌ಬಾಕ್ಸ್, ಚಾಸಿ. ಎಂಜಿನ್ ಒಳಗೆ ವಾಲ್ವ್ ಮತ್ತು ಪಿಸ್ಟನ್ ಒಂದೇ ತಾಳಕ್ಕೆ ಆಡಬೇಕು. ಆ ತಾಳ ಹಿಡಿಯುವುದು ಟೈಮಿಂಗ್ ಬೆಲ್ಟ್ ಅಥವಾ ಟೈಮಿಂಗ್ ಚೈನ್. ಬೆಲ್ಟ್ ರಬ್ಬರಿನದ್ದು, ಅದಕ್ಕೆ ಕಂಪನಿಯೇ ಆಯಸ್ಸು ಬರೆದಿರುತ್ತದೆ. ಹಲವು ಗಾಡಿಗಳಲ್ಲಿ ಅದು ಲಕ್ಷದ ಆಸುಪಾಸು. ಬದಲಿಸದೆ ಓಡಿಸಿ ದಾರಿಯಲ್ಲಿ ಕಿತ್ತುಹೋದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ರೆನೋ ಡಸ್ಟರ್‌ನ 1.5 ಡೀಸೆಲ್‌ನಲ್ಲಿ ಇರುವುದು ಬೆಲ್ಟ್. ಬಾಮೈದ ನೋಡಿದ ಸ್ವಿಫ್ಟ್‌ನ 1.3 ಡೀಸೆಲ್‌ನಲ್ಲಿ ಚೈನ್. ಚೈನ್‌ಗೆ ಇಂತಿಷ್ಟಕ್ಕೆ ಬದಲಿಸು ಅಂತ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಆಯಿಲ್ ಸರಿಯಾಗಿ ಬದಲಿಸದಿದ್ದರೆ ಅದೂ ಸಡಿಲವಾಗಿ ಸದ್ದು ಮಾಡುತ್ತದೆ.

'ಡೀಸೆಲ್ ಗಾಡಿ ಮೂರು ಲಕ್ಷಕ್ಕೂ ಏನಾಗಲ್ಲ' ಎಂಬ ಮಾತಿದೆ. ಮೂರು ಲಕ್ಷ ದಾಟಿದ ಇನೋವಾ ಟ್ಯಾಕ್ಸಿಗಳು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟಿವೆ, ನಿಜ. ಆದರೆ ಅವು ದಿನಾ ಓಡುತ್ತವೆ, ಹೊತ್ತಿಗೆ ಸರಿಯಾಗಿ ಸರ್ವೀಸ್ ಆಗುತ್ತವೆ. ಎಂಜಿನ್ ಗಟ್ಟಿ ಇದ್ದರೂ ಡೀಸೆಲ್‌ನ ಟರ್ಬೊ, ಇಂಜೆಕ್ಟರ್ ಕೆಟ್ಟರೆ ಬಿಲ್ ದೊಡ್ಡದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಕಡಿಮೆ ಮಾಡಲು ತಂದ ನಿಯಮ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಕೂಡ ಇದೆ. ಆ ಮಸಿ ಸುಟ್ಟುಹೋಗಲು ಆಗಾಗ ಹೈವೇ ಓಟ ಬೇಕು. ಬರೀ ಸಿಟಿಯಲ್ಲಿ ಓಡಿದರೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಕಡಿಮೆ ಓಟವೇ ತೊಂದರೆ.

ನಿಂತ ಗಾಡಿಯೂ ಕೆಡುತ್ತದೆ. ರಬ್ಬರ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಇಲಿ ವೈರ್ ಕಡಿಯುತ್ತದೆ.

ಮೀಟರ್ ಸುಳ್ಳು ಹೇಳಿದರೆ?

ಹಿಂದೆ ಮೀಟರ್ ತಿರುಗಿಸುವುದು ಅಂದರೆ ನಿಜಕ್ಕೂ ಹಲ್ಲಿನ ಚಕ್ರಗಳನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಈಗಿನದು ಡಿಜಿಟಲ್. ಸ್ಟೀರಿಂಗ್ ಕೆಳಗೆ ಓಬಿಡಿ ಎಂಬ ಪೋರ್ಟ್ ಇರುತ್ತದೆ, ಮೆಕ್ಯಾನಿಕ್‌ಗಳು ದೋಷ ಓದಲು ಸ್ಕ್ಯಾನರ್ ಚುಚ್ಚುವ ಜಾಗ. ಅದೇ ದಾರಿಯಿಂದ ಅಥವಾ ಮೀಟರ್ ಬಿಚ್ಚಿ ಅಂಕಿ ಬದಲಿಸುವವರಿದ್ದಾರೆ. ಹೊರಗೆ ಯಾವ ಗುರುತೂ ಉಳಿಯುವುದಿಲ್ಲ.

ಆದರೆ ಗಾಡಿಯ ಮೈಮೇಲೆ ಉಳಿಯುತ್ತದೆ. ಕ್ಲಚ್, ಬ್ರೇಕ್ ಪೆಡಲ್‌ನ ರಬ್ಬರ್ ನೋಡಿ. 48,000ಕ್ಕೆ ಅದು ನುಣ್ಣಗಾಗಿ ಅಂಚು ಹರಿದಿರಬಾರದು. ಸ್ಟೀರಿಂಗ್‌ನ ಹೊಳಪು, ಗೇರ್ ಗುಂಡಿಯ ಅಂಕಿ ಅಳಿಸಿರುವುದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಗ್ಗಿರುವುದು, ಇವೆಲ್ಲ ಸಾಕ್ಷಿಗಳೇ. ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಿದ್ದರೂ ಯೋಚಿಸಿ. ಹಿಂದಿನ ಸೀಟು ಮುಂದಿನದ್ದಕ್ಕಿಂತ ಜಾಸ್ತಿ ಸವೆದಿದ್ದರೆ ಅದು ಹಳದಿ ಬೋರ್ಡ್‌ನಲ್ಲಿ ದುಡಿದು ಬಿಳಿ ಬೋರ್ಡ್‌ಗೆ ಬಂದ ಗಾಡಿ ಇರಬಹುದು.

ಟೈರ್ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದ ಟೈರ್ ಎಂದರ್ಥ. 2018ರ ಗಾಡಿಯಲ್ಲಿ 2022ರ ಟೈರ್ ಇದ್ದು, ಅದೂ ಸವೆದು ಹೋಗಿದ್ದರೆ ಲೆಕ್ಕ ಹಾಕಿ. ಮೊದಲ ಸೆಟ್ 40 ಸಾವಿರ, ಎರಡನೆಯದೂ ಸುಮಾರು ಅಷ್ಟೇ. ಒಟ್ಟು 48 ಹೇಗಾಯಿತು?

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸರ್ವೀಸ್ ದಾಖಲೆ. ಹೆಚ್ಚಿನ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಸರ್ವೀಸ್. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಪ್ರತಿ ಸಲವೂ ಓಡೋಮೀಟರ್ ಅಂಕಿ ಬರೆದುಕೊಳ್ಳುತ್ತಾರೆ. ಓನರ್‌ನನ್ನೇ ಕರೆದುಕೊಂಡು ಹೋಗಿ ಹಿಸ್ಟರಿ ತೆಗೆಸಿ. ಬಾಮೈದ ಅದನ್ನೇ ಮಾಡಿಸಿದ. ಬೆಂಗಳೂರಿನ ಗಾಡಿ 2021ರ ಸರ್ವೀಸ್‌ನಲ್ಲೇ 71,000 ತೋರಿಸಿತ್ತು. ಈಗ 48,000! ಕೇಳಿದ್ದಕ್ಕೆ ಮಧ್ಯದವನು "ಮೀಟರ್ ಕೆಟ್ಟಿತ್ತು ಸಾರ್, ಬದಲಿಸಿದ್ವಿ" ಅಂದನಂತೆ. ಮೀಟರ್ ಕೆಡುವುದು ಸುಳ್ಳೇನಲ್ಲ. ಆದರೆ ನಿಜಕ್ಕೂ ಬದಲಿಸಿದ್ದರೆ ಅದಕ್ಕೂ ಬಿಲ್ ಇರಬೇಕಿತ್ತು.

ಗಾಡಿ ಮುಂದೆ ನಿಂತಾಗ

ಬೆಳಿಗ್ಗೆ ಹೋಗಿ. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿರಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಬಿಸಿ ಮಾಡಿಟ್ಟಿರಬಹುದು. ಎಂಜಿನ್‌ನ ಕಾಯಿಲೆ ತಣ್ಣಗಿದ್ದಾಗಲೇ ಚೆನ್ನಾಗಿ ಕಾಣುವುದು.

ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಕಡೆ ನಿಲ್ಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅಂಥದ್ದು ಬಿಟ್ಟುಬಿಡಿ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಸಹಜ, ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಅಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಹಳೇ ಡೀಸೆಲ್‌ನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ವಲ್ಪ ಬರುವುದುಂಟು. ಆಯಿಲ್ ಹಾಕುವ ಮುಚ್ಚಳ ತೆರೆದು ಒಳಭಾಗ ನೋಡಿ. ಕಾಫಿ ನೊರೆಯ ಹಾಗೆ ಅಂಟಿದ್ದರೆ ನೀರು ಬೆರೆತಿರುವ ಅನುಮಾನ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿದೆ ಅಂತ ಮಾತ್ರ ಗಾಬರಿ ಬೇಡ, ಅದು ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ.

ಓಡಿಸುವಾಗ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಎಳೆಯದಿದ್ದರೆ ಕ್ಲಚ್ ಮುಗಿದಿದೆ. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ, ರೇಡಿಯೋ ಆಫ್ ಇರಲಿ. ಕಟಕಟ ಅಂದರೆ ಸಸ್ಪೆನ್ಷನ್ ಕೆಲಸ. ಮಾರುವವರು ಇದೇ ಹೊತ್ತಿಗೆ ಮಾತಿಗೆಳೆಯುತ್ತಾರೆ, ಅದೂ ಒಂದು ಕಲೆ.

ಇಷ್ಟು ನೋಡಿದ ಮೇಲೂ ನಿಮ್ಮದೇ ಮೆಕ್ಯಾನಿಕ್‌ಗೆ ತೋರಿಸಿ. ಲಿಫ್ಟ್ ಮೇಲೆ ಎತ್ತಿ ಅಡಿ ನೋಡಿಸಿ. ಬಾನೆಟ್, ಬಾಗಿಲಿನ ಬೋಲ್ಟ್‌ಗಳ ಮೇಲೆ ಪೇಂಟ್ ಎದ್ದಿದ್ದರೆ ಬಿಚ್ಚಿ ಹಾಕಿದ್ದಾರೆ ಎಂದರ್ಥ. ಬಂಪರ್ ಬದಲಾಗಿದ್ದರೆ ಪರವಾಗಿಲ್ಲ. ಪಿಲ್ಲರ್ (ಛಾವಣಿ ಹೊತ್ತ ಕಂಬ) ಅಥವಾ ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಎಷ್ಟೇ ಕಡಿಮೆ ಓಡಿರಲಿ, ಬೇಡ.

ಕಾಗದ ಪತ್ರ

ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ರಿಜಿಸ್ಟ್ರೇಷನ್ ದಿನಾಂಕ, ಇನ್ಶೂರೆನ್ಸ್, ಎಮಿಷನ್‌ನಂಥ ವಿವರ ಸಿಗುತ್ತದೆ. ಸ್ವಂತ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಫಿಟ್‌ನೆಸ್ ಪಾಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಲದಲ್ಲಿ ತೆಗೆದ ಗಾಡಿಯಾದರೆ ಆರ್‌ಸಿಯಲ್ಲಿ ಹೈಪಾಥಿಕೇಷನ್ ಎಂದು ಬ್ಯಾಂಕಿನ ಹೆಸರು ಇರುತ್ತದೆ. ಅದು ಇರುವವರೆಗೆ ಗಾಡಿಯ ಮೇಲೆ ಬ್ಯಾಂಕಿನ ಹಿಡಿತ ಇದೆ. ಬ್ಯಾಂಕಿನ ಎನ್‌ಒಸಿ (ನಮ್ಮದೇನೂ ಆಕ್ಷೇಪ ಇಲ್ಲ ಎಂಬ ಪತ್ರ) ಮತ್ತು ಫಾರಂ 35 ಕೊಟ್ಟು ತೆಗೆಸಬೇಕು. ಕಟ್ಟದ ಟ್ರಾಫಿಕ್ ದಂಡವನ್ನೂ ನೋಡಿಕೊಳ್ಳಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿಯೂ ಬೇಕು. ದೆಹಲಿಯಲ್ಲಿ ಹಳೇ ಡೀಸೆಲ್ ಗಾಡಿಗಳಿಗೆ ಬಂದ ನಿರ್ಬಂಧದಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ಇತ್ತ ಬರುತ್ತವೆ. ಇಲ್ಲಿ ಮರು ನೋಂದಣಿ ಮಾಡಿಸಿ ಜೀವಿತಾವಧಿ ತೆರಿಗೆ ಕಟ್ಟಿದ ಮೇಲೆ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಿರಿ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಕ್ಲೇಮ್ ಸಿಗುವುದು ಕಷ್ಟ. ಹಳೇ ಓನರ್ ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ಬರುವುದಿಲ್ಲ. ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದುಡ್ಡಿನ ಲೆಕ್ಕ

ಕೇಳಿದ ಬೆಲೆಗೆ ಈಗಲೇ ಮಾಡಿಸಬೇಕಾದ ಕೆಲಸದ ಖರ್ಚು ಸೇರಿಸಿ. ಅದೇ ಗಾಡಿಯ ನಿಜವಾದ ಬೆಲೆ. ಹಾಸನದ ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜು ಹೀಗಿತ್ತು: ಕ್ಲಚ್ 14,000, ನಾಲ್ಕು ಟೈರ್ 22,000, ಸಸ್ಪೆನ್ಷನ್ 13,000, ಬ್ಯಾಟರಿ 6,000, ಎಲ್ಲ ಆಯಿಲ್ ಮತ್ತು ಫಿಲ್ಟರ್ 8,000. ಒಟ್ಟು 63,000. ಊರು, ಮಾಡೆಲ್ ಬದಲಾದರೆ ಇದು ಬದಲಾಗುತ್ತದೆ. ಎರಡು ಗಾಡಿಗಳ ನಡುವಿನ ವ್ಯತ್ಯಾಸ 90,000. ಇನ್ನೂ 27,000 ಕೈಯಲ್ಲಿ ಉಳಿಯುತ್ತದೆ. ಅಲ್ಲದೆ ಆ ಇನ್ನೊಂದು ಗಾಡಿಯ ಮೀಟರ್ ನಿಜ ಹೇಳಿದ್ದರೂ ಅದಕ್ಕೂ ಟೈರ್, ಬ್ಯಾಟರಿ ಬೇಕಾಗಿತ್ತು.

ಆಮೇಲೆ ನಿಮ್ಮ ಓಟ. ತಿಂಗಳಿಗೆ 800 ಕಿಲೋಮೀಟರ್ ಓಡಿಸಿದರೆ ಐದು ವರ್ಷಕ್ಕೆ 48,000. ಈ ಗಾಡಿ ಆಗ 1,68,000ದಲ್ಲಿರುತ್ತದೆ, 12 ವರ್ಷ ಹಳೆಯದಾಗಿರುತ್ತದೆ. ಮತ್ತೆ ಮಾರಲು ಹೋದರೆ ಕೈಗೆ ಬರುವುದು ಕಡಿಮೆ. ಆರ್‌ಸಿ ಮುಗಿಯುವವರೆಗೆ ಇಟ್ಟುಕೊಳ್ಳುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಎರಡು ವರ್ಷಕ್ಕೆ ಮಾರಿ ಮೇಲಿನ ಮಾಡೆಲ್‌ಗೆ ಹೋಗುವ ಯೋಚನೆ ಇದ್ದರೆ ಕಡಿಮೆ ಓಡಿದ್ದನ್ನೇ ಹುಡುಕುವುದು ಒಳ್ಳೆಯದು. ಸಾಲ ಮಾಡುವುದಾದರೆ ಹಳೇ ಗಾಡಿಗೆ ಬಡ್ಡಿ ಹೊಸದಕ್ಕಿಂತ ಜಾಸ್ತಿ ಎನ್ನುವುದೂ ಲೆಕ್ಕದಲ್ಲಿರಲಿ.

ಬಾಮೈದ ಆ 63,000ದ ಚೀಟಿ ಮುಂದಿಟ್ಟು ಚೌಕಾಸಿ ಮಾಡಿದ. ಓನರ್ 35,000 ಇಳಿಸಿದರು. ನಿನ್ನೆ ರಾತ್ರಿ ಮತ್ತೆ ಫೋನ್. "ಭಾವ, ಲೋನ್ ಮುಗಿದು ಎರಡು ವರ್ಷ ಆಯ್ತಂತೆ. ಆದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಾಗೇ ಇದೆ." ಓನರ್ ಎನ್‌ಒಸಿಗೆ ಬ್ಯಾಂಕಿಗೆ ಓಡಾಡುತ್ತಿದ್ದಾರೆ. ಅದು ಕೈಗೆ ಬರುವವರೆಗೆ 5,000 ಅಡ್ವಾನ್ಸ್‌ಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡ ಅಂದಿದ್ದೇನೆ.